ನಶೆ ಬಿಡುವವರೆಗೆ ಕಾಯಬೇಡಿ: ಸೂಜಿ ಬಳಸುವವರಿಗೆ ಹೆಪಟೈಟಿಸ್ ಸಿ ಮಾರ್ಗದರ್ಶಿ

ಮಾದಕ ವಸ್ತುವನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿರುವವರಿಗೆ ಮತ್ತು ಹಿಂದೆಂದೋ ಚುಚ್ಚಿಕೊಂಡು ಬಿಟ್ಟವರಿಗೆ ಈ ಬರಹ. ಹದಿನೈದು ವರ್ಷದ ಹಿಂದೆ ಹಾಸ್ಟೆಲಿನ ಕೋಣೆಯಲ್ಲಿ ಒಂದೇ ಒಂದು ಸಲ ಎನ್ನುವವರೂ ಇದರಲ್ಲಿ ಸೇರಿದ್ದೀರಿ. ಅಂಥವರ ತಾಯಿ, ಹೆಂಡತಿ, ಅಣ್ಣ, ಗೆಳೆಯ ಯಾರೇ ಓದುತ್ತಿದ್ದರೂ ಕೊನೆಯವರೆಗೆ ಓದಿ. ನಿಮಗಾಗಿಯೂ ಇದರಲ್ಲಿ ಮಾತಿದೆ.

ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು ನಾನು. ಇಪ್ಪತ್ತಾರು ವರ್ಷದ ಹುಡುಗನೊಬ್ಬ ಬಂದಿದ್ದ. ಅವನಿಗೆ ಲಿವರನ್ನು ಹಾಳುಮಾಡುವ ಸೋಂಕಾದ ಹೆಪಟೈಟಿಸ್ ಸಿ ಇರುವುದು ಎರಡು ವರ್ಷ ಮೊದಲೇ ಗೊತ್ತಾಗಿತ್ತು. ಆಗ ಅವನು ಹೋಗಿದ್ದ ಆಸ್ಪತ್ರೆಯಲ್ಲಿ, "ಮೊದಲು ಚಟ ಬಿಡು, ಆರು ತಿಂಗಳಾದ ಮೇಲೆ ಬಾ" ಎಂದು ಕಳುಹಿಸಿದ್ದರು. ಚಟ ಬಿಡಲಾಗಲಿಲ್ಲ, ಆಸ್ಪತ್ರೆಗೆ ಮುಖ ತೋರಿಸಲೂ ಆಗಲಿಲ್ಲ. ಆ ಎರಡು ವರ್ಷಗಳಲ್ಲಿ ಅವನ ಜೊತೆ ಕೂರುತ್ತಿದ್ದ ಚಿಕ್ಕಪ್ಪನ ಮಗನಿಗೂ ಸೋಂಕು ಅಂಟಿತ್ತು. ಆ ಒಂದು ಮಾತಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಚುಚ್ಚಿಕೊಳ್ಳುವುದನ್ನು ನಿಲ್ಲಿಸಿಲ್ಲ ಎಂಬ ಕಾರಣಕ್ಕೆ ಯಾರಿಗೂ ಈ ಚಿಕಿತ್ಸೆಯನ್ನು ನಿರಾಕರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಇದೇ. ನಶೆಯೊಂದಿಗಿನ ಹೋರಾಟ ವರ್ಷಗಟ್ಟಲೆ ನಡೆಯಬಹುದು, ಲಿವರಿನ ಚಿಕಿತ್ಸೆ ಮುಗಿಯಲು ಮೂರು ತಿಂಗಳು ಸಾಕು. ಮೂರು ತಿಂಗಳ ಕೆಲಸವನ್ನು ವರ್ಷಗಳ ಕೆಲಸದ ಹಿಂದೆ ಕಟ್ಟಿಹಾಕುವುದೇಕೆ?

ಮೊದಲ ಹೆಜ್ಜೆ: ಸೋಂಕು ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ದಾಟುವ ವೈರಸ್. 1989ರಲ್ಲಿ ಇದನ್ನು ಗುರುತಿಸುವವರೆಗೆ ವೈದ್ಯರು "ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್" ಎಂದಷ್ಟೇ ಕರೆಯುತ್ತಿದ್ದರು. ಇದಕ್ಕೆ ಲಸಿಕೆ ಇಲ್ಲ. ಒಮ್ಮೆ ಬಂದು ಹೋದರೆ ಮತ್ತೆ ಬಾರದಂತೆ ಕಾಯುವ ಶಕ್ತಿಯೂ ದೇಹದಲ್ಲಿ ಹುಟ್ಟುವುದಿಲ್ಲ.

ಎಚ್‌ಐವಿ ಪ್ರಚಾರದ ಪುಣ್ಯದಿಂದ "ಒಬ್ಬರ ಸೂಜಿ ಇನ್ನೊಬ್ಬರು ಬಳಸಬಾರದು" ಎಂಬ ಮಾತು ಬಹುತೇಕ ಎಲ್ಲರಿಗೂ ತಲುಪಿದೆ. ಆದರೆ ಹೆಪಟೈಟಿಸ್ ಸಿ ವೈರಸ್ ಎಚ್‌ಐವಿಗಿಂತ ಸುಲಭವಾಗಿ ಸೂಜಿಯ ಮೂಲಕ ದಾಟುತ್ತದೆ, ದೇಹದ ಹೊರಗೆ ಹೆಚ್ಚು ಕಾಲ ಬದುಕುತ್ತದೆ. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಇದು 63 ದಿನಗಳವರೆಗೂ ಸೋಂಕು ತಗುಲಿಸುವ ಸ್ಥಿತಿಯಲ್ಲಿ ಇರಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಎರಡು ತಿಂಗಳ ಹಿಂದೆ ಕಪಾಟಿನ ಮೂಲೆಯಲ್ಲಿಟ್ಟ ಸಿರಿಂಜ್ ಒಣಗಿದೆ, ಹಾಗಾಗಿ ಸುರಕ್ಷಿತ ಎಂದು ಭಾವಿಸಬೇಡಿ.

ಸೂಜಿ ಬೇರೆ ಇಟ್ಟುಕೊಂಡವರಿಗೂ ಸೋಂಕು ಬಂದದ್ದನ್ನು ನಾನು ಕಂಡಿದ್ದೇನೆ. "ಮೇಡಂ, ನನ್ನ ಸೂಜಿ ನನ್ನದೇ, ಯಾರಿಗೂ ಕೊಟ್ಟವನಲ್ಲ" ಎಂದು ಒಬ್ಬ ಆಣೆ ಇಟ್ಟು ಹೇಳಿದ. ಸುಳ್ಳಲ್ಲ. ಆದರೆ ನಾಲ್ಕು ಜನ ಒಂದೇ ಚಮಚದಲ್ಲಿ ಕರಗಿಸಿ, ಒಂದೇ ಹತ್ತಿಯ ಉಂಡೆಯಿಂದ ಸೋಸಿ, ಒಂದೇ ಲೋಟದ ನೀರಿನಲ್ಲಿ ಸಿರಿಂಜ್ ತೊಳೆದಿದ್ದರು. ಬಳಸಿದ ಸೂಜಿಯೊಂದು ಆ ನೀರಿಗೆ ಇಳಿದರೆ ಸಾಕು, ಲೋಟದ ನೀರೆಲ್ಲ ಕೆಟ್ಟಂತೆ. ಆ ರಕ್ತ ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಒಬ್ಬರ ಸಿರಿಂಜಿನಲ್ಲಿ ಅಳೆದು ಇನ್ನೊಬ್ಬರ ಸಿರಿಂಜಿಗೆ ಹಂಚುವುದು, ತೋಳಿಗೆ ಬಿಗಿಯುವ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವುದು, ರಕ್ತ ಅಂಟಿದ ಬೆರಳಿನಿಂದಲೇ ಪಕ್ಕದವನಿಗೆ ಚುಚ್ಚಲು ನೆರವಾಗುವುದು, ಇವೆಲ್ಲವೂ ದಾರಿಗಳೇ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಗಂಡ ಅಥವಾ ಗೆಳೆಯ ಮೊದಲು ಚುಚ್ಚಿಕೊಂಡು, ಅದೇ ಸೂಜಿಯಿಂದ ನಂತರ ಅವಳಿಗೆ ಚುಚ್ಚುವುದು ಬಹಳ ಕಡೆ ನಡೆಯುತ್ತದೆ. ತನ್ನ ಕೈಯಿಂದ ಚುಚ್ಚಿಕೊಳ್ಳಲು ಬಾರದವಳಿಗೆ ಆ ಗಳಿಗೆಯಲ್ಲಿ ಬೇಡ ಎನ್ನುವ ಧೈರ್ಯವೂ ಇರುವುದಿಲ್ಲ. ಅವಳಿಗೆಂದು ಇನ್ನೊಂದು ಹೊಸ ಸಿರಿಂಜ್ ಮೊದಲೇ ತೆಗೆದಿಟ್ಟಿರುವುದು ಆ ಗಂಡಸಿನ ಹೊಣೆ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತು ಚುಚ್ಚಿಕೊಳ್ಳುತ್ತಾರೆ. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಪಂಜಾಬ್ ಎಂದರೆ ಎಲ್ಲರಿಗೂ ಇದು ನೆನಪಾಗುತ್ತದೆ. ಕರ್ನಾಟಕದಲ್ಲಿ ಈ ಮಾತನ್ನೇ ಯಾರೂ ಎತ್ತುವುದಿಲ್ಲ. ಹೆರಾಯಿನ್ ಇಲ್ಲದ ಕಡೆ ನೋವಿನ ಮಾತ್ರೆಗಳನ್ನು ಪುಡಿಮಾಡಿ ಚುಚ್ಚಿಕೊಳ್ಳುವ ಹುಡುಗರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅದನ್ನು ಅವರು ನಶೆಯೆಂದೂ ಎಣಿಸುವುದಿಲ್ಲ, ಮೆಡಿಕಲ್ ಅಂಗಡಿಯ ಮಾತ್ರೆಯಲ್ಲವೇ ಎನ್ನುತ್ತಾರೆ. ವೈರಸ್ಸಿಗೆ ಮಾತ್ರೆಯ ಹೆಸರು ಬೇಕಿಲ್ಲ, ರಕ್ತವೊಂದಿದ್ದರೆ ಆಯಿತು.

ಎರಡನೆಯ ಹೆಜ್ಜೆ: ಮುಂದಿನ ಸಲಕ್ಕೆ ತಯಾರಾಗಿ

ಇವತ್ತು ರಾತ್ರಿಯೇ ಬಿಡುತ್ತೇನೆ ಎನ್ನುವವರು ಬಿಡಲಿ, ನನ್ನ ಹಾರೈಕೆ ಅವರೊಂದಿಗಿದೆ. ಬಿಡಲಾಗದವರು ಕೆಳಗಿನದನ್ನು ಮಾಡಿ.

ಪ್ರತಿ ಸಲಕ್ಕೂ ಹೊಸ ಸೂಜಿ, ಹೊಸ ಸಿರಿಂಜ್. ದಿನಕ್ಕೆ ಮೂರು ಸಲವಾದರೆ ಮೂರು. ಇನ್ಸುಲಿನ್ ಸಿರಿಂಜಿನಂತೆ ಸೂಜಿ ಅಂಟಿಕೊಂಡೇ ಇರುವ ಬಗೆಯಲ್ಲಿ ಒಳಗೆ ಉಳಿಯುವ ರಕ್ತ ಕಡಿಮೆ, ಸೂಜಿಯನ್ನು ಬಿಚ್ಚಿ ಹಾಕುವ ಬಗೆಯಲ್ಲಿ ಹೆಚ್ಚು. ಆಯ್ಕೆ ಇದ್ದರೆ ಮೊದಲನೆಯದನ್ನೇ ಕೊಳ್ಳಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನೆಗಳ ಅಡಿಯಲ್ಲಿ ಕೆಲಸ ಮಾಡುವ ಸಂಸ್ಥೆಗಳು ಹೊಸ ಸೂಜಿಗಳನ್ನು ಉಚಿತವಾಗಿ ಕೊಟ್ಟು ಹಳೆಯವನ್ನು ಹಿಂದಕ್ಕೆ ಪಡೆಯುತ್ತವೆ. ನಿಮಗೆ ಹತ್ತಿರದ್ದು ಯಾವುದೆಂದು 1097ಕ್ಕೆ ಕರೆ ಮಾಡಿ ಕೇಳಿ. ಕರೆಗೆ ದುಡ್ಡಿಲ್ಲ.

ಸಾಬೂನು ಹಾಕಿ ಕೈ ತೊಳೆಯಿರಿ. ಚಮಚ ಅಥವಾ ಬಾಟಲಿ ಮುಚ್ಚಳ, ಹತ್ತಿ, ನೀರು, ತೋಳಿನ ಪಟ್ಟಿ, ಇಷ್ಟೂ ನಿಮ್ಮದೇ ಆಗಿರಲಿ. ಗುಂಪಿನಲ್ಲಿ ದುಡ್ಡು ಹಾಕಿ ತಂದದ್ದಾದರೆ ನೀರು ಸೇರಿಸುವ ಮೊದಲೇ, ಪುಡಿಯಾಗಿರುವಾಗಲೇ ಹಂಚಿಕೊಳ್ಳಿ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ನೀರು ಸೇರಿದ ಮೇಲೆ ಸಮಪಾಲು ಮಾಡಬೇಕೆಂದರೆ ಯಾರದ್ದಾದರೂ ಸಿರಿಂಜ್ ಅಳತೆಗೋಲು ಆಗಲೇಬೇಕಾಗುತ್ತದೆ. ಚುಚ್ಚಿದ ಜಾಗಕ್ಕೆ ಒಣ ಹೊಸ ಹತ್ತಿಯನ್ನು ಒತ್ತಿ ಹಿಡಿಯಿರಿ. ಆ ಹತ್ತಿಯನ್ನೂ ಸೂಜಿಯನ್ನೂ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಚರಂಡಿಗೂ ಕಸದ ಚೀಲಕ್ಕೂ ಬಿಸಾಡಬೇಡಿ. ಬೆಳಿಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಅದು ಚುಚ್ಚುತ್ತದೆ.

ಹೊಸ ಸೂಜಿ ಸಿಗದೇ ಹೋದರೆ? ನಿಮ್ಮದೇ ಹಳೆಯದನ್ನು ಬಳಸುವುದು ಇನ್ನೊಬ್ಬರದನ್ನು ಬಳಸುವುದಕ್ಕಿಂತ ಎಷ್ಟೋ ಮೇಲು. ಅದು ಅದಲುಬದಲಾಗದಂತೆ ಮೊದಲೇ ಗುರುತು ಹಾಕಿಡಿ. ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದರೆ ಅಪಾಯ ಸ್ವಲ್ಪ ತಗ್ಗೀತು, ಆದರೆ ಹೆಪಟೈಟಿಸ್ ಸಿ ಮಟ್ಟಿಗೆ ಅದನ್ನು ನಂಬಿ ಕೂರುವಂತಿಲ್ಲ. ನೀರಿನಲ್ಲಿ ತೊಳೆಯುವುದನ್ನಂತೂ ತೊಳೆದಂತೆಯೇ ಲೆಕ್ಕಕ್ಕೆ ಹಿಡಿಯಬೇಡಿ.

ಈ ಹೆಜ್ಜೆ ಮುಗಿಸುವ ಮುನ್ನ ಇನ್ನೊಂದು ಮಾತು. ಅದು ಲಿವರಿನದಲ್ಲ, ಉಸಿರಿನದು. ಕೆಲವು ದಿನ ಬಿಟ್ಟಿದ್ದು ಮರಳಿದಾಗ ದೇಹಕ್ಕೆ ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲಿ ಸಾಯುವವರು ಹೆಚ್ಚು. ಒಬ್ಬರೇ ಇರುವಾಗ ಚುಚ್ಚಿಕೊಳ್ಳಬೇಡಿ. ಜೊತೆಯವರ ತುಟಿ ನೀಲಿಯಾಗಿ ಉಸಿರು ನಿಧಾನವಾದರೆ ಪೊಲೀಸರ ಭಯಕ್ಕೆ ಓಡಿಹೋಗಬೇಡಿ, 108ಕ್ಕೆ ಕರೆ ಮಾಡಿ.

ಮೂರನೆಯ ಹೆಜ್ಜೆ: ಪರೀಕ್ಷೆ, ಅದೂ ಎರಡು ಬಾರಿ

ನಮ್ಮಲ್ಲಿ ಲಿವರ್ ಕಾಯಿಲೆ ಎಂದರೆ ಕಾಮಾಲೆ, ಕಾಮಾಲೆ ಎಂದರೆ ಕಣ್ಣು ಹಳದಿ, ಮೂರು ದಿನದ ನಾಟಿ ಔಷಧ, ಎಣ್ಣೆ ಬಿಟ್ಟ ಪಥ್ಯ. ಆ ಲೆಕ್ಕದಲ್ಲಿ ಕಾದು ಕುಳಿತರೆ ಹೆಪಟೈಟಿಸ್ ಸಿ ಸಿಕ್ಕುವುದೇ ಇಲ್ಲ. ಹೆಚ್ಚಿನವರಿಗೆ ಕಾಮಾಲೆ ಬರುವುದಿಲ್ಲ. ಒಂದಿಷ್ಟು ಸುಸ್ತು, ಅಷ್ಟೇ, ಅದನ್ನೂ ನಶೆಯ ತಲೆಗೆ ಕಟ್ಟಿಬಿಡುತ್ತಾರೆ. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು 30 ಮಂದಿಯ ದೇಹ ಆರು ತಿಂಗಳೊಳಗೆ ತಾನಾಗಿಯೇ ವೈರಸ್ಸನ್ನು ಹೊರಹಾಕುತ್ತದೆ. ಉಳಿದ 70 ಮಂದಿಯಲ್ಲಿ ಅದು ಸದ್ದಿಲ್ಲದೆ ನೆಲೆಸುತ್ತದೆ. ಹಾಗೆ ನೆಲೆಸಿದವರಲ್ಲಿ 20 ವರ್ಷಗಳೊಳಗೆ ಲಿವರ್ ಗಡುಸಾಗಿ ಸಿರೋಸಿಸ್ ಆಗುವ ಅಪಾಯ ನೂರಕ್ಕೆ 15ರಿಂದ 30. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬರುವವರನ್ನು ನೋಡಿದಾಗ, ಹತ್ತು ವರ್ಷದ ಹಿಂದೆ ಒಂದು ಹನಿ ರಕ್ತ ಪರೀಕ್ಷೆಗೆ ಕೊಟ್ಟಿದ್ದರೆ ಎಂದು ಹೊಟ್ಟೆ ಉರಿಯುತ್ತದೆ.

ಮೊದಲ ಪರೀಕ್ಷೆ ಪ್ರತಿಕಾಯದ್ದು, ಅಂದರೆ ವೈರಸ್ಸಿನ ವಿರುದ್ಧ ದೇಹ ರಕ್ತದಲ್ಲಿ ತಯಾರಿಸಿಕೊಳ್ಳುವ ವಸ್ತುವಿನದು. ಬೆರಳ ತುದಿಯ ರಕ್ತದಲ್ಲಿಯೇ ಆಗುತ್ತದೆ, ಅರ್ಧ ಗಂಟೆಯೊಳಗೆ ಉತ್ತರ ಸಿಗುತ್ತದೆ. ಇದರಲ್ಲಿ ಪಾಸಿಟಿವ್ ಬಂದರೆ "ವೈರಸ್ ಎಂದೋ ಒಮ್ಮೆ ಒಳಗೆ ಬಂದಿತ್ತು" ಎಂದಷ್ಟೇ ಅರ್ಥ. ಈಗ ಇದೆಯೋ ಇಲ್ಲವೋ ಎಂದು ಹೇಳುವುದು ಎರಡನೆಯದು, ಅಂದರೆ ವೈರಸ್ಸಿನ ಆರ್‌ಎನ್‌ಎ ಹುಡುಕುವ ಪರೀಕ್ಷೆ. ವೈರಲ್ ಲೋಡ್ ಎಂದು ಕೇಳಿದರೂ ತಿಳಿಯುತ್ತದೆ. ಮೊದಲನೆಯದರ ಚೀಟಿ ಹಿಡಿದುಕೊಂಡು ಅತ್ತು ಮನೆಗೆ ಹೋದವರು, ಖಾಸಗಿ ಲ್ಯಾಬಿನಿಂದ ಎರಡನೆಯದರ ಬಗ್ಗೆ ಒಂದು ಮಾತೂ ಕೇಳದೆ ಹೊರಬಂದವರು ಬಹಳ. ಆ ಚೀಟಿಗೆ ನಿಲ್ಲಬೇಡಿ.

ಇನ್ನೊಂದು ತೊಡಕಿದೆ. ಸೋಂಕು ತಗುಲಿದ ನಂತರ ಪ್ರತಿಕಾಯ ಕಾಣಿಸಿಕೊಳ್ಳಲು ಎರಡರಿಂದ ಮೂರು ತಿಂಗಳು ಹಿಡಿಯಬಹುದು. ಹೋದ ವಾರ ಬೇರೆಯವರ ಸೂಜಿ ಬಳಸಿ ಈ ವಾರ ನೆಗೆಟಿವ್ ಬಂದರೆ ಅದು ಉತ್ತರವೇ ಅಲ್ಲ. ಒಂದೆರಡು ವಾರದ ನಂತರ ಆರ್‌ಎನ್‌ಎ ಪರೀಕ್ಷೆಯಲ್ಲಿ ಕಾಣಬಹುದು. ಇಲ್ಲವಾದರೆ ಮೂರು ತಿಂಗಳಿಗೆ ಮತ್ತೆ ಹೋಗಿ. ಚುಚ್ಚಿಕೊಳ್ಳುವುದು ಮುಂದುವರಿದಿದ್ದರೆ ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆ ಇರಲಿ.

ಹೋಗಬೇಕಾದ್ದು ಜಿಲ್ಲಾ ಆಸ್ಪತ್ರೆಗೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಕೇಂದ್ರ ಎಲ್ಲಿದೆ ಎಂದು ತಿಳಿಯಲು ಕಾರ್ಯಕ್ರಮದ ಉಚಿತ ಸಹಾಯವಾಣಿ 1800-11-6666. ಹೊರಡುವ ಮುನ್ನ ಎರಡು ಲೋಟ ನೀರು ಕುಡಿಯಿರಿ. ವರ್ಷಗಟ್ಟಲೆ ಚುಚ್ಚಿಕೊಂಡ ಕೈಯಲ್ಲಿ "ನರ ಸಿಗುತ್ತಿಲ್ಲ" ಎಂದು ನರ್ಸ್ ನಾಲ್ಕು ಕಡೆ ಚುಚ್ಚಿದಾಗ ಎದ್ದು ಹೋದವರನ್ನು ಕಂಡಿದ್ದೇನೆ. ಯಾವ ನರ ಇನ್ನೂ ಸರಿಯಾಗಿದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸಂಕೋಚಪಡದೆ ತೋರಿಸಿ. ಅದೇ ರಕ್ತದಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಬಿ ಇಲ್ಲದಿದ್ದರೆ ಅದರ ಲಸಿಕೆಯನ್ನು ಹಾಕಿಸಿಕೊಳ್ಳಿ. ಬಿ ಇದ್ದರೆ ವೈದ್ಯರಿಗೆ ಅದು ಗೊತ್ತಿರಲೇಬೇಕು, ಏಕೆಂದರೆ ಸಿ ಔಷಧದ ನಡುವೆ ಬಿ ಕೆರಳಬಹುದು.

ನಾಲ್ಕನೆಯ ಹೆಜ್ಜೆ: 84 ದಿನಗಳು

ಹಿಂದೆ ಈ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಒಂದು ವರ್ಷದವರೆಗೂ ಜ್ವರ, ಖಿನ್ನತೆ, ಕೂದಲು ಉದುರುವುದು, ಅಷ್ಟಾದರೂ ಗುಣವಾಗುವ ಖಾತರಿಯಿಲ್ಲ. ಆ ಭಯದ ಕಥೆಗಳು ಇನ್ನೂ ಓಡಾಡುತ್ತಿವೆ, ಅವನ್ನು ಮರೆತುಬಿಡಿ. ಈಗಿರುವುದು ಮಾತ್ರೆ. ಲಿವರ್ ಗಡುಸಾಗಿಲ್ಲದವರಿಗೆ ಸಾಮಾನ್ಯವಾಗಿ ಸೊಫೋಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಆಗಿದ್ದರೆ ವೆಲ್ಪಟಾಸ್ವಿರ್ ಸೇರಿದ ಜೋಡಿ, ಕೆಲವರಿಗೆ 24 ವಾರ. ಪೂರ್ತಿ ನುಂಗಿದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹತೋಟಿಗೆ ಬರುವುದಲ್ಲ, ವೈರಸ್ಸೇ ಹೋಗುತ್ತದೆ.

2013ರ ಕೊನೆಗೆ ಸೊಫೋಸ್ಬುವಿರ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. 2015ರಿಂದ ಭಾರತದ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಕುಸಿಯಿತು. 2016ರಲ್ಲಿ ಪಂಜಾಬ್ ಸರ್ಕಾರ ತನ್ನ ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡಲು ಆರಂಭಿಸಿತು. ದೊಡ್ಡ ಊರಿನ ಲಿವರ್ ತಜ್ಞರೇ ಬೇಕಿಲ್ಲ, ಜಿಲ್ಲೆಯ ವೈದ್ಯರೇ ನಿಭಾಯಿಸಬಲ್ಲರು ಎಂದು ತೋರಿಸಿಕೊಟ್ಟದ್ದು ಅಲ್ಲಿ. ಅದೇ ಮಾತ್ರೆ ಇವತ್ತು ನಿಮ್ಮ ಜಿಲ್ಲಾ ಆಸ್ಪತ್ರೆಯ ಕಿಟಕಿಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ವೈದ್ಯರಿಗೆ ಎಲ್ಲವನ್ನೂ ಹೇಳಿ. ಮೂರ್ಛೆರೋಗದ ಮಾತ್ರೆಗಳಾದ ಕಾರ್ಬಮಜೆಪಿನ್, ಫೆನಿಟೋಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವು ಈ ಔಷಧದ ಬಲವನ್ನು ಕುಗ್ಗಿಸುತ್ತವೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್ ಜೊತೆಯಲ್ಲಿ ಅಪಾಯವೇ ಆಗಬಹುದು. ಎಚ್‌ಐವಿ ಮಾತ್ರೆಗಳಿದ್ದರೆ ಪ್ರಮಾಣ ಬದಲಾಗಬಹುದು. ಗರ್ಭಿಣಿಯಾಗಿದ್ದರೆ ಸಾಮಾನ್ಯವಾಗಿ ಹೆರಿಗೆಯ ನಂತರ ಆರಂಭಿಸುತ್ತಾರೆ. ನಶೆಯ ಬದಲಿ ಚಿಕಿತ್ಸೆಯಾದ ಬುಪ್ರೆನಾರ್ಫಿನ್‌ಗೂ ಇದಕ್ಕೂ ಜಗಳವಿಲ್ಲ.

ಮಾತ್ರೆಯನ್ನು ದಿನವೂ ತಪ್ಪದೆ ಮಾಡುವ ಯಾವುದಾದರೊಂದು ಕೆಲಸಕ್ಕೆ ಕಟ್ಟಿ. ಒಬ್ಬಾಕೆ ಬೆಳಗಿನ ಚಹಾದ ಡಬ್ಬಿಯ ಮೇಲೆಯೇ ಇಡುತ್ತಿದ್ದಳು. ಬೀದಿಯಲ್ಲಿ ಮಲಗುವ ಒಬ್ಬನ ಮಾತ್ರೆಗಳನ್ನು ಅವನು ದಿನವೂ ಹೋಗುತ್ತಿದ್ದ ಹೋಟೆಲಿನ ಮಾಲೀಕ ಗಲ್ಲಾಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಎಂದಿನಂತೆ ಒಂದನ್ನೇ ತೆಗೆದುಕೊಳ್ಳಿ. ನಡುವೆ ನಾಲ್ಕು ದಿನ ನಶೆಯಲ್ಲಿ ಕಳೆದುಹೋದರೆ "ಎಲ್ಲ ಹಾಳಾಯಿತು" ಎಂದು ಬಿಟ್ಟುಬಿಡದೆ ಕೇಂದ್ರಕ್ಕೆ ಹೋಗಿ ಹೇಳಿ. ಮದ್ಯವನ್ನು ಆದಷ್ಟು ದೂರವಿಡಿ. ಈ ವೈರಸ್ ಇರುವಾಗ ಲಿವರಿಗೆ ಅದು ಎರಡನೆಯ ಬೆಂಕಿ.

ಐದನೆಯ ಹೆಜ್ಜೆ: ಸೂಜಿಯ ಅಗತ್ಯವನ್ನೇ ತಗ್ಗಿಸುವುದು

ಗುಣವಾದ ಮೇಲೆಯೂ ಅದೇ ಚಮಚ, ಅದೇ ಲೋಟವಾದರೆ ವೈರಸ್ ಮರಳಿ ಬರುತ್ತದೆ. ಹಾಗೆ ಬಂದರೆ ಮತ್ತೆ ಚಿಕಿತ್ಸೆ ಪಡೆಯಬಹುದು, ನಾಚಿಕೆ ಬೇಡ. ಆದರೆ ಅದು ಬಾರದಂತೆ ನೋಡಿಕೊಳ್ಳುವ ದಾರಿಯೂ ಇದೆ. ಹೆರಾಯಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಗಳ ವ್ಯಸನಕ್ಕೆ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಡುವ ಬದಲಿ ಚಿಕಿತ್ಸೆ ದೇಶದಲ್ಲಿ ಲಭ್ಯವಿದೆ. ಮೈಕೈ ಮುರಿತ, ಮೂಗು ಸೋರುವುದು, ಭೇದಿ, ನಿದ್ದೆಯಿಲ್ಲದ ರಾತ್ರಿ, ಇವುಗಳ ಭಯದಿಂದಲೇ ಜನ ಸೂಜಿಗೆ ಮರಳುತ್ತಾರೆ. ಆ ಭಯವನ್ನು ಈ ಚಿಕಿತ್ಸೆ ತೆಗೆಯುತ್ತದೆ. ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಇದೊಂದೇ ಹೊಸ ಸೋಂಕಿನ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ, ಬೇಕಾದಷ್ಟು ಹೊಸ ಸೂಜಿಗಳೂ ಸಿಕ್ಕರೆ ಸುಮಾರು ಮುಕ್ಕಾಲು ಪಾಲು ತಗ್ಗುತ್ತದೆ. "ಒಂದು ನಶೆ ಬಿಡಿಸಿ ಇನ್ನೊಂದು ಕೊಡುತ್ತಾರೆ" ಎಂದು ಬಂಧುಗಳು ಗೊಣಗುವುದನ್ನು ಕೇಳಿದ್ದೇನೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸು ಕುಸಿದಾಗ ಕನ್ನಡದಲ್ಲಿಯೇ ಮಾತನಾಡಲು ಟೆಲಿ ಮಾನಸ್ 14416.

ಪೊಲೀಸರ ಭಯ ಇರುವವರಿಗೆ: ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯೊಬ್ಬರು ತಾವಾಗಿಯೇ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. 2017ರ ಎಚ್‌ಐವಿ ಕಾಯ್ದೆಯು ಹೊಸ ಸೂಜಿ ಕೊಡುವಂಥ ಅಪಾಯ ತಗ್ಗಿಸುವ ಕೆಲಸಗಳಿಗೆ ರಕ್ಷಣೆ ನೀಡಿದೆ.

ಮನೆಯವರಿಗೆ

ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿ. ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ, ಒಂದೇ ಬಚ್ಚಲನ್ನು ಬಳಸುವುದರಿಂದ ಇದು ಹರಡುವುದಿಲ್ಲ. ಒಬ್ಬ ತಾಯಿ ಮಗನ ಸ್ಟೀಲ್ ತಟ್ಟೆಯನ್ನು ಹಿತ್ತಲಿನ ಕಲ್ಲಿನ ಮೇಲೆ ಒಣಗಿಸುತ್ತಿದ್ದರು. ಗೊತ್ತಾದ ದಿನ ಆಕೆಯೇ ಅದನ್ನು ಒಳಗೆ ತಂದು ಉಳಿದ ತಟ್ಟೆಗಳ ನಡುವೆ ಇಟ್ಟರು. ಬೇರೆ ಇರಬೇಕಾದ್ದು ಶೇವಿಂಗ್ ಬ್ಲೇಡ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ಸೋಂಕು ದಾಂಪತ್ಯದಲ್ಲಿ ಹರಡುವುದು ವಿರಳ, ಆದರೂ ಹೆಂಡತಿ ಅಥವಾ ಗಂಡ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಾರು. ಮೊಲೆತೊಟ್ಟು ಒಡೆದು ರಕ್ತ ಬರದಿದ್ದರೆ ಹಾಲೂಡಿಸಬಹುದು. "ಸೂಜಿ ಎಲ್ಲಿ ಬಚ್ಚಿಟ್ಟಿದ್ದೀಯ" ಎಂದು ಹುಡುಕಿ ಮುರಿದುಹಾಕುವ ಮೊದಲು ಒಮ್ಮೆ ಯೋಚಿಸಿ. ನೀವು ಮುರಿದದ್ದು ಹೊಸ ಸೂಜಿಯಾದರೆ ಆ ರಾತ್ರಿ ಅವನ ಕೈಗೆ ಸಿಗುವುದು ಬೇರೆಯವರದ್ದು.

ಕೊನೆಯ ಹೆಜ್ಜೆ: ಆ ಕಾಗದ

ಮಾತ್ರೆ ಮುಗಿದ ದಿನವೇ ಗುಣವಾಯಿತೆಂದು ಲೆಕ್ಕವಿಲ್ಲ. ಅಲ್ಲಿಂದ 12 ವಾರ ಕಳೆದ ಮೇಲೆ ಮತ್ತೊಂದು ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ಬಹಳ ಜನ ಇದಕ್ಕೆ ಬರುವುದೇ ಇಲ್ಲ, ಹಾಗಾಗಿ ಕೊನೆಯ ಮಾತ್ರೆ ನುಂಗಿದಂದೇ ಮೊಬೈಲಿನಲ್ಲಿ ದಿನಾಂಕ ಹಾಕಿಡಿ. ಸಿರೋಸಿಸ್ ಇದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು, ಏಕೆಂದರೆ ಲಿವರ್ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗಿರುವುದಿಲ್ಲ.

ವೈರಸ್ ಕಂಡುಬಂದಿಲ್ಲ ಎಂಬ ಆ ವರದಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದಿಡಿ. ಗುಣವಾದ ಮೇಲೂ ಪ್ರತಿಕಾಯ ದೇಹದಲ್ಲಿ ಉಳಿಯುತ್ತದೆ. ಮುಂದೆ ಕೆಲಸಕ್ಕೆ ಸೇರುವಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ಹೆರಿಗೆಯ ಹೊತ್ತಿಗೆ ಯಾರಾದರೂ ಮೊದಲ ಪರೀಕ್ಷೆಯನ್ನಷ್ಟೇ ಮಾಡಿ "ಪಾಸಿಟಿವ್" ಎಂದು ಮುಖ ಗಂಟಿಕ್ಕಿದಾಗ ಮೇಜಿನ ಮೇಲೆ ಇಡಬೇಕಾದ್ದು ಆ ಕಾಗದ. ನಾನು ಹೇಳಿದ ಆ ಇಪ್ಪತ್ತಾರರ ಹುಡುಗ ಅದನ್ನು ಮಡಚಿ ಗಾಡಿಯ ಆರ್‌ಸಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾನೆ. ಅವನ ಚಿಕ್ಕಪ್ಪನ ಮಗನ ಕಾಗದ ಬರುವುದು ಮುಂದಿನ ತಿಂಗಳು.